ಡಂಗುರವೆಷ್ಟು, ದುಡಿಮೆಯೆಷ್ಟು: ಹೊಸ ತಂತ್ರಾಂಶಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬೇಲೂರಿನಲ್ಲಿ ಹಲವು ವರ್ಷಗಳಿಂದ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ ಆಲ್ಬಂಗಳ ಜೊತೆಗೆ ದೇವಸ್ಥಾನಕ್ಕೆ ಬರುವ ಕುಟುಂಬಗಳ ಚಿತ್ರಗಳನ್ನೂ ತೆಗೆಯುತ್ತೇನೆ. ಇನ್ನೂ ಅಡೋಬ್ ಕಂಪನಿಯ ಚಿತ್ರ ತಿದ್ದುವ ತಂತ್ರಾಂಶ ಫೋಟೊಶಾಪ್‌ನ ಹಳೆಯ ಆವೃತ್ತಿಯಾದ ಸಿಎಸ್6ರಲ್ಲೇ ಕೆಲಸ ನಡೆಯುತ್ತಿದೆ. ಎರಡು ಪದ ಟೈಪ್ ಮಾಡಿದರೆ ಉಳಿದದ್ದನ್ನೆಲ್ಲ ಕೃತಕ ಬುದ್ಧಿಮತ್ತೆಯೇ ಮಾಡಿ ಮುಗಿಸುತ್ತದೆ ಎಂಬ ಜಾಹೀರಾತನ್ನು ನಂಬಿ ಚಂದಾ ಕಟ್ಟಬಹುದೇ?
— ಸ್ಟುಡಿಯೊ ಮಾಲೀಕರು, ಬೇಲೂರು

ಉತ್ತರ: ಆ ಜಾಹೀರಾತಿನಲ್ಲಿ ಯಾವ ಚಿತ್ರವನ್ನು ತೋರಿಸುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ. ಹೆಚ್ಚಾಗಿ ಅಲ್ಲಿ ಕಡಲತೀರವೋ ಮರುಭೂಮಿಯೋ ಮಂಜು ಕವಿದ ಬೆಟ್ಟವೋ ಇರುತ್ತದೆ. ಅಂಥ ಜಾಗದಲ್ಲಿ ಕಂಪ್ಯೂಟರ್ ಏನನ್ನು ಕಲ್ಪಿಸಿ ತುಂಬಿದರೂ ಕೇಳುವವರಿಲ್ಲ. ನಿಮ್ಮೂರಿನ ಚೆನ್ನಕೇಶವ ದೇವಾಲಯದ ಗೋಡೆಯ ಮುಂದೆ ಆ ಆಟ ನಡೆಯುವುದಿಲ್ಲ. ಗೋಡೆಯ ಬುಡದಲ್ಲಿರುವ ಆನೆಗಳ ಸಾಲಿಗೆ ಅಡ್ಡವಾಗಿ ಕೊಡೆ ಹಿಡಿದು ನಿಂತಿದ್ದ ಅಪರಿಚಿತರೊಬ್ಬರನ್ನು ಚಿತ್ರದಿಂದ ತೆಗೆಯಲು ಇಂಥದೊಂದು ಸೌಲಭ್ಯವನ್ನು ನಾನೂ ಬಳಸಿ ನೋಡಿದ್ದೇನೆ. ಮೊಬೈಲ್ ಪರದೆಯ ಅಳತೆಯಲ್ಲಿ ನೋಡಿದಾಗ ಬೆರಗಾಯಿತು. ಹಿಗ್ಗಿಸಿ ನೋಡಿದರೆ ಒಂದು ಆನೆಗೆ ಐದು ಕಾಲುಗಳಿದ್ದವು, ಅದರ ಸೊಂಡಿಲು ಮುಂದಿನ ಆನೆಯ ಬಾಲದೊಳಗೆ ಕರಗಿಹೋಗಿತ್ತು. 1117ರಲ್ಲಿ ಪ್ರತಿಷ್ಠೆಯಾಗಿ, 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿಯ ಗೋಡೆಗೆ ಯಾವ ಶಿಲ್ಪಿಯೂ ಕೆತ್ತದ ಆನೆಯೊಂದನ್ನು ನಾವು ಸೇರಿಸಬಾರದು. ಕುಟುಂಬದ ಆಲ್ಬಂನಲ್ಲಿ ಇದನ್ನು ಯಾರೂ ಗಮನಿಸದಿರಬಹುದು. ಪ್ರವಾಸಿ ಕೈಪಿಡಿಗೆ ಅದೇ ಚಿತ್ರವನ್ನು ಕೊಟ್ಟರೆ ಅದು ಸುಳ್ಳು ದಾಖಲೆಯಾಗುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಡಂಗುರ ಹೊಡೆಯುತ್ತಿದ್ದಾರೆ. ಚಿತ್ರದ ಒಂದು ಭಾಗವನ್ನು ಅಳಿಸಿ, ಅದೇ ಚಿತ್ರದ ಬೇರೆ ಕಡೆಯ ತುಣುಕುಗಳಿಂದ ತೇಪೆ ಹಾಕುವ ಕಂಟೆಂಟ್-ಅವೇರ್ ಫಿಲ್ 2010ರಲ್ಲೇ ಬಂದಿತ್ತು, ನಿಮ್ಮ ಸಿಎಸ್6ರಲ್ಲೂ ಇದೆ. ಅದಕ್ಕೆ ಇಂಟರ್ನೆಟ್ ಬೇಡ, ಎಷ್ಟು ಸಲ ಬಳಸಿದರೂ ಕೇಳುವವರಿಲ್ಲ. 2023ರಲ್ಲಿ ಬಂದ ಜನರೇಟಿವ್ ಫಿಲ್ ಹಾಗಲ್ಲ. ಅದು ಚಿತ್ರದಲ್ಲಿ ಇಲ್ಲದ್ದನ್ನು ದೂರದ ಸರ್ವರ್‌ನಲ್ಲಿ ಹೊಸದಾಗಿ ಸೃಷ್ಟಿಸಿ ಕಳುಹಿಸುತ್ತದೆ, ಪ್ರತಿ ಬಳಕೆಗೂ ಚಂದಾದ ಜೊತೆ ತಿಂಗಳಿಗಿಷ್ಟೆಂದು ಸಿಗುವ ಕ್ರೆಡಿಟ್‌ನಿಂದ ಕಳೆಯುತ್ತದೆ, ಉಳಿದ ಕ್ರೆಡಿಟ್ ಮುಂದಿನ ತಿಂಗಳಿಗೆ ದಾಟುವುದಿಲ್ಲ. ಆಷಾಢದ ಮಳೆಯಲ್ಲಿ ಮಲೆನಾಡಿನ ಕರೆಂಟೂ ನೆಟ್‌ವರ್ಕೂ ಹೇಗಿರುತ್ತವೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಅಳತೆಯ ಲೆಕ್ಕ ಇನ್ನೂ ಮುಖ್ಯ. ಬಂದ ಹೊಸದರಲ್ಲಿ ಈ ಸೌಲಭ್ಯ ಒಂದು ಸಲಕ್ಕೆ ಸೃಷ್ಟಿಸುತ್ತಿದ್ದುದು ಸುಮಾರು 1024 ಪಿಕ್ಸೆಲ್ ಉದ್ದಗಲದ ತುಣುಕನ್ನು ಮಾತ್ರ. ನೀವು ಗುರುತಿಸಿದ ಜಾಗ ಅದಕ್ಕಿಂತ ದೊಡ್ಡದಾದರೆ ಅದನ್ನೇ ಎಳೆದು ಹಿಗ್ಗಿಸುತ್ತಿತ್ತು. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 1024 ಪಿಕ್ಸೆಲ್ ಎಂದರೆ ಮೂರೂವರೆ ಇಂಚೂ ಆಗುವುದಿಲ್ಲ. ನಿಮ್ಮ 12×36 ಇಂಚಿನ ಆಲ್ಬಂ ಹಾಳೆಗೆ ಬೇಕಾಗುವುದು 10,800 ಪಿಕ್ಸೆಲ್ ಅಗಲ. ನಂತರದ ಆವೃತ್ತಿಗಳು ಸುಧಾರಿಸಿವೆ, ನಿಜ; ಆದರೂ ತುಂಬಿದ ಭಾಗ ಮಸುಕಾಗಿ, ಪಕ್ಕದ ರೇಷ್ಮೆ ಸೀರೆಯ ಜರಿ ಮಾತ್ರ ಚೂಪಾಗಿ ಕಾಣುವ ಮುದ್ರಣವನ್ನು ಗ್ರಾಹಕರ ಕೈಗಿಡುವ ಮೊದಲು ಒಂದು ಹಾಳೆಯನ್ನು ಪೂರ್ತಿ ಅಳತೆಯಲ್ಲಿ ಮುದ್ರಿಸಿ ನೋಡುವುದು ಕ್ಷೇಮ.

ಹಾಗೆಂದು ಹೊಸದೆಲ್ಲ ಆಡಂಬರವೇ ಎಂದು ನಾನು ಹೇಳುವುದಿಲ್ಲ. ವ್ಯಕ್ತಿಯನ್ನು ಒಂದೇ ಗುಂಡಿಯಲ್ಲಿ ಹಿನ್ನೆಲೆಯಿಂದ ಬೇರ್ಪಡಿಸುವ ಸೆಲೆಕ್ಟ್ ಸಬ್ಜೆಕ್ಟ್ 2018ರಲ್ಲಿ ಬಂತು, 2021ರಲ್ಲಿ ಅದು ರಾಶಿ ಚಿತ್ರಗಳನ್ನು ಒಟ್ಟಿಗೆ ತಿದ್ದುವ ಲೈಟ್‌ರೂಮ್‌ನ ಮಾಸ್ಕ್‌ಗಳಿಗೂ (ಚಿತ್ರದ ಆಯ್ದ ಭಾಗವನ್ನಷ್ಟೇ ತಿದ್ದುವ ಸೌಲಭ್ಯಕ್ಕೂ) ಸೇರಿತು. ಆರತಕ್ಷತೆಯ ನೂರಾರು ಚಿತ್ರಗಳಲ್ಲಿ ವಧೂವರರ ಮುಖವನ್ನಷ್ಟೇ ತುಸು ಬೆಳಗಿಸಬೇಕಾದಾಗ ಇದು ಉಳಿಸುವ ಸಮಯ ಕಣ್ಣಿಗೆ ಕಾಣುವಂಥದ್ದು. 2023ರ ಏಪ್ರಿಲ್‌ನ ಡಿನಾಯ್ಸ್ ಸೌಲಭ್ಯವೂ ಹಾಗೆಯೇ. ಫ್ಲ್ಯಾಶ್ ಹಾಕಲಾಗದ ಮಬ್ಬು ಮಂಟಪದಲ್ಲಿ ತೆಗೆದ, ಕಾಳುಕಾಳಾದ ರಾ ಫೈಲ್ (ಕ್ಯಾಮೆರಾ ಸೆರೆಹಿಡಿದ, ಸಂಸ್ಕರಿಸದ ಮೂಲ ಚಿತ್ರ) ಅದರಿಂದ ಮುದ್ರಣಕ್ಕೆ ಯೋಗ್ಯವಾಗುತ್ತದೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದು ಚಿತ್ರಕ್ಕೂ ಒಂದೊಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಕಾಯಬೇಕು.

ನಿಮ್ಮ ಮಟ್ಟಿಗೆ ಹೊಸದಕ್ಕೆ ಹೋಗಲು ಇರುವ ಬಲವಾದ ಕಾರಣ ಯಾವ ಜಾಹೀರಾತಿನಲ್ಲೂ ಇಲ್ಲ. ಸಿಎಸ್6ಕ್ಕೆ ರಾ ಫೈಲ್ ತೆರೆದುಕೊಡುವ ‘ಕ್ಯಾಮೆರಾ ರಾ’ ಎಂಬ ಭಾಗದ ಪರಿಷ್ಕರಣೆ 2015ರಲ್ಲೇ ನಿಂತುಹೋಗಿದೆ. ಆದ್ದರಿಂದ ಅದರ ನಂತರ ಬಂದ ಕ್ಯಾಮೆರಾ ಕೊಂಡರೆ ಅದರ ರಾ ಫೈಲ್ ನೇರವಾಗಿ ತೆರೆಯುವುದಿಲ್ಲ, ಅದನ್ನು ಹಳೆಯ ತಂತ್ರಾಂಶವೂ ಓದಬಲ್ಲ ರೂಪಕ್ಕೆ ಬದಲಿಸುವ, ಉಚಿತವಾಗಿ ಸಿಗುವ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಹಾಯಿಸಿ ತರಬೇಕು. ಆ ಸುತ್ತುದಾರಿ ನಿಮಗೆ ಸಾಕೆನಿಸಿದರೆ ಇನ್ನೊಂದು ವರ್ಷ ತಳ್ಳಬಹುದು. ಸಾಕೆನಿಸದಿದ್ದರೆ ಮೊದಲು ಒಂದೇ ತಿಂಗಳ ಚಂದಾ ತೆಗೆದುಕೊಂಡು, ಹಿಂದಿನ ಮದುವೆಯೊಂದರ ಮೂವತ್ತು ಚಿತ್ರಗಳನ್ನು ಗಡಿಯಾರ ಮುಂದಿಟ್ಟುಕೊಂಡು ಎರಡೂ ಕಡೆ ತಿದ್ದಿ ನೋಡಿ. ತಿಂಗಳ ಕಂತಿನಂತೆ ಕಾಣುವ ವಾರ್ಷಿಕ ಒಪ್ಪಂದಕ್ಕೆ ಮಾತ್ರ ಅವಸರದಲ್ಲಿ ಒಪ್ಪಬೇಡಿ, ಏಕೆಂದರೆ ಅದನ್ನು ನಡುವೆ ಬಿಟ್ಟರೆ ದಂಡ ಕಟ್ಟಬೇಕಾಗುತ್ತದೆ. ಈ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿಲ್ಲವೆಂದು ಅಮೆರಿಕ ಸರ್ಕಾರವೇ 2024ರ ಜೂನ್‌ನಲ್ಲಿ ಅಡೋಬ್ ಮೇಲೆ ಮೊಕದ್ದಮೆ ಹೂಡಿತ್ತು.

ಪ್ರಶ್ನೆ: ಲಗ್ನಪತ್ರಿಕೆ, ಕರಪತ್ರಗಳನ್ನು ಮುದ್ರಿಸುವ ಸಣ್ಣ ಪ್ರೆಸ್ ನಮ್ಮದು. ನಾವಿನ್ನೂ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲೇ ಇದ್ದೇವೆ. ಒಂದು ವಾಕ್ಯ ಬರೆದರೆ ಇಡೀ ಪತ್ರಿಕೆಯನ್ನೇ ವಿನ್ಯಾಸ ಮಾಡಿಕೊಡುವ ತಂತ್ರಾಂಶ ಬಂದಿದೆಯೆಂದು ಮಗ ಹೇಳುತ್ತಾನೆ. ಅದನ್ನು ಹಾಕಿಸಿಕೊಳ್ಳಬಹುದೇ?
— ಪ್ರೆಸ್ ಮಾಲೀಕರು, ಚಿಕ್ಕಮಗಳೂರು

ಉತ್ತರ: ಮಾವಿನ ತೋರಣ, ಬಾಳೆಕಂಬ, ಬಣ್ಣದ ಅಂಚುಗಳ ಮಟ್ಟಿಗೆ ಅದು ಅಂದವಾದ ನಮೂನೆಗಳನ್ನೇ ಕೊಡುತ್ತದೆ. ಚಿತ್ರದೊಳಗೆ ಕನ್ನಡ ಬರೆಯಲು ಹೇಳಿದಾಗ ಬಂಡವಾಳ ಬಯಲಾಗುತ್ತದೆ. ಇಂಥ ತಂತ್ರಾಂಶಗಳು ಎಷ್ಟೋ ಸಲ ಕೊಡುವುದು ದೂರದಿಂದ ಕನ್ನಡದಂತೆ ಕಾಣುವ, ಹತ್ತಿರದಿಂದ ಯಾರೂ ಓದಲಾಗದ ಸುರುಳಿಗಳನ್ನು. ನಾನು ಪ್ರಯತ್ನಿಸಿದಾಗ ತಲಕಟ್ಟು, ಕೊಂಬುಗಳೆಲ್ಲ ಇದ್ದವು, ಅಕ್ಷರ ಮಾತ್ರ ಇರಲಿಲ್ಲ. ಆದ್ದರಿಂದ ಅಂಚಿನ ಚಿತ್ತಾರವನ್ನು ಅಲ್ಲಿಂದ ತೆಗೆದುಕೊಂಡರೂ ಮುಹೂರ್ತ, ಹೆಸರು, ವಿಳಾಸಗಳನ್ನು ನೀವೇ ಕೂಡಿಸಬೇಕು, ಪ್ರೂಫನ್ನು ನೀವೇ ನೋಡಬೇಕು.

ನಿಮ್ಮ ಪ್ರೆಸ್ಸಿಗೆ ನಿಜವಾಗಿ ಬೇಕಾದ ಸೌಲಭ್ಯ ಸದ್ದಿಲ್ಲದೆ ಬಂದು ದಶಕ ಕಳೆದಿದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನ 2012ರ ಸಿಎಸ್6 ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಜೋಡಣೆಗೆ ಬೆಂಬಲ ಬಂತು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆರಿಸದಿದ್ದರೆ ‘ಲಗ್ನಪತ್ರಿಕೆ’ಯು ‘ಲಗ್‌ನಪತ್‌ರಿಕೆ’ಯಾಗಿ, ‘ಶ್ರೀ’ ಎಂಬ ಮಂಗಳಾಕ್ಷರವೇ ಒಡೆದುಹೋಗುತ್ತದೆ. ‘ಯೂನಿಕೋಡ್ ನಮ್ಮ ಸಿಸ್ಟಂಗೆ ಆಗಿಬರುವುದಿಲ್ಲ’ ಎಂದು ಹಾಸನದ ಡಿಟಿಪಿಯವರು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಹೋಗಿ ನೋಡಿದರೆ ಹೆಚ್ಚಿನವರು ಒತ್ತಬೇಕಾಗಿದ್ದುದು ಈ ಒಂದು ಆಯ್ಕೆಯನ್ನು.

ಹಳೆಯ ನುಡಿ ಫಾಂಟ್‌ಗಳಲ್ಲಿ ಫೈಲಿನೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಫಾಂಟ್ ತೆಗೆದರೆ ಅದು ಯಾವ ಭಾಷೆಯೂ ಅಲ್ಲ. ಯೂನಿಕೋಡ್‌ಗೆ ಬಂದರೆ ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಹೆಸರುಗಳನ್ನು ಹಾಗೆಯೇ ಅಂಟಿಸಬಹುದು, ಮರುಟೈಪ್‌ನ ತಪ್ಪುಗಳೂ ಅವುಗಳಿಂದ ಹುಟ್ಟುವ ಬೀಗರ ಮುನಿಸೂ ಕಡಿಮೆಯಾಗುತ್ತವೆ. ಜೊತೆಗೆ ಉಚಿತವಾಗಿ ಸಿಗುವ ಅನೇಕ್ ಕನ್ನಡ ಫಾಂಟನ್ನು ನೋಡಿ. ಅದು ವೇರಿಯಬಲ್ ಫಾಂಟ್ ಆಗಿರುವುದರಿಂದ ಒಂದೇ ಫೈಲಿನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು. ಉದ್ದದ ಹೆಸರೊಂದು ಸಾಲಿಗೆ ಹಿಡಿಯದಿದ್ದಾಗ ಅಕ್ಷರವನ್ನು ಅಡ್ಡಡ್ಡ ಹಿಂಡಿ ವಿರೂಪಗೊಳಿಸಬೇಕಾಗಿಲ್ಲ.

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮ ಹೋಂಸ್ಟೇ ಇದೆ. ಮಳೆಗಾಲದ ಚಿತ್ರಗಳಿಗೆ ನೀಲಿ ಆಕಾಶ ಜೋಡಿಸುವ ಸೌಲಭ್ಯವನ್ನು ಬಳಸಬಹುದೇ?
— ಓದುಗರು, ಮೂಡಿಗೆರೆ

ಉತ್ತರ: 2020ರಿಂದಲೂ ಫೋಟೊಶಾಪ್‌ನಲ್ಲಿ ಇದಿದೆ, ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ಆದರೆ ಜುಲೈ ತಿಂಗಳಿನಲ್ಲಿ ಮೂಡಿಗೆರೆಗೆ ಬರುವವರು ಮಳೆ ನೋಡಲೆಂದೇ ಬರುತ್ತಾರೆ. ನೀಲಿ ಆಕಾಶ ನಂಬಿ ಬಂದವರು ಕಂಬಳಿ ಹೊದ್ದು ಕುಳಿತು ಹಣ ವಾಪಸ್ ಕೇಳಿದರೆ ಉತ್ತರಿಸಬೇಕಾದವರು ನೀವು. ಮಳೆಯ ಚಿತ್ರವನ್ನೇ ಹಾಕಿ.

ಪ್ರಶ್ನೆ: ವಿನ್ಯಾಸ ಕಲಿಯುತ್ತಿದ್ದೇನೆ. ‘ಎಐ ಲ್ಯಾಪ್‌ಟಾಪ್’ ಕೊಳ್ಳಲೇಬೇಕೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಬೇಕಾಗಿಲ್ಲ. 2024ರಿಂದ ಕೋಪೈಲಟ್ ಪ್ಲಸ್ ಎಂಬ ಹಣೆಪಟ್ಟಿಯೊಡನೆ ಬರುತ್ತಿರುವ ಲ್ಯಾಪ್‌ಟಾಪ್‌ಗಳಲ್ಲಿ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಪ್ರತ್ಯೇಕ ಚಿಪ್ ಇರಬೇಕೆಂಬ ನಿಯಮವಿದೆ. ಆದರೆ ನೀವು ಬಳಸುವ ತಂತ್ರಾಂಶ ಆ ಚಿಪ್ಪನ್ನು ಮುಟ್ಟದೆ ಗ್ರಾಫಿಕ್ಸ್ ಕಾರ್ಡಿಗೋ ದೂರದ ಸರ್ವರ್‌ಗೋ ಕೆಲಸ ಒಪ್ಪಿಸುತ್ತಿದ್ದರೆ ಆ ಸಂಖ್ಯೆಯಿಂದ ನಿಮಗೆ ಪ್ರಯೋಜನವಿಲ್ಲ. ಅದೇ ಹಣದಲ್ಲಿ 16 ಜಿಬಿಯ ಬದಲು 32 ಜಿಬಿ ರ‍್ಯಾಮ್ ಸಿಗುವುದಾದರೆ ಅದನ್ನು ಆರಿಸಿ. ಪರದೆಯ ಬಣ್ಣಗಳು ಹೇಗಿವೆ ಎಂಬುದನ್ನು ಅಂಗಡಿಯಲ್ಲಿ ನಿಮ್ಮದೇ ಚಿತ್ರವೊಂದನ್ನು ತೆರೆಸಿ ನೋಡಿ. ಕಲಿಕೆಗೆ ಸದ್ಯ ಉಚಿತವಾಗಿ ಸಿಗುವ ಗಿಂಪ್, ಇಂಕ್‌ಸ್ಕೇಪ್, ಕ್ರಿತಾ ಎಂಬ ಚಿತ್ರ ತಂತ್ರಾಂಶಗಳು ಸಾಕು. ಗಿಂಪ್‌ನ 2025ರ 3.0 ಆವೃತ್ತಿಯಲ್ಲಿ ಮೂಲ ಚಿತ್ರವನ್ನು ಕೆಡಿಸದೆ ಫಿಲ್ಟರ್ ಹಾಕಿ, ಬೇಡವಾದಾಗ ತೆಗೆಯುವ ಅನುಕೂಲವೂ ಬಂದಿದೆ.