ಓದುಗರ ಪ್ರಶ್ನೆ: ಮುಂಬೈಯ ಸಮಾಧಿಗಳು

ಪ್ರಶ್ನೆ: ಮುಂಬೈಯ ಸ್ಮಶಾನಗಳಲ್ಲಿ ಮಕ್ಕಳಿಗೆ ತೋರಿಸಬಹುದಾದ ಹೆಸರಾಂತರ ಸಮಾಧಿಗಳಿವೆಯೆ?
— ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಹಾರ್ಬರ್ ಮಾರ್ಗದ ಶಿವಡಿಯಲ್ಲಿಳಿದು, 1865ರಲ್ಲಿ ಆರಂಭವಾದ ಅಲ್ಲಿನ ಕ್ರೈಸ್ತ ಸ್ಮಶಾನಕ್ಕೆ ಮೊದಲು ಹೋಗಿ. ತಾವು ಲೋಕಲ್ ರೈಲಿನಲ್ಲಿ ಬಂದಿಳಿಯುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿ.ಎಸ್.ಎಂ.ಟಿ.) ನಿಲ್ದಾಣವನ್ನೂ ಅದರೆದುರಿನ ಮಹಾನಗರಪಾಲಿಕೆಯ ಕಟ್ಟಡವನ್ನೂ ವಿನ್ಯಾಸಗೊಳಿಸಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್, 1900ರಲ್ಲಿ ಮಲೇರಿಯಾದಿಂದ ತೀರಿಕೊಂಡು, ಅಲ್ಲಿಯೇ ಮಣ್ಣಾಗಿದ್ದಾರೆ. ಗೇಟ್‌ವೇ ಆಫ್ ಇಂಡಿಯಾದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಕೂಡ, ಆ ಕಮಾನು ಪೂರ್ಣಗೊಂಡ ಎರಡೇ ವರ್ಷಗಳಲ್ಲಿ, 1926ರಲ್ಲಿ ಇದೇ ನೆಲವನ್ನು ಸೇರಿದರು. ನನ್ನ ಮಟ್ಟಿಗೆ ಮಾತ್ರ ಅಲ್ಲಿ ಮನ ಕಲಕುವುದು ಕವಿ ಡಾಮ್ ಮೊರೇಸ್ ಅವರ ಸಮಾಧಿ. ನಾಲ್ಕು ಶತಮಾನಗಳ ಹಿಂದೆ ಬಹುದೂರ ಕಾಲ್ನಡಿಗೆಯಲ್ಲೇ ಭಾರತಕ್ಕೆ ಬಂದು ಸೂರತ್‌ನಲ್ಲಿ ಮಡಿದ ಥಾಮಸ್ ಕೊರಿಯಟ್ ಎಂಬ ಪ್ರವಾಸಿಯ ಬಗ್ಗೆ ಅವರಿಗೆ ಅಪಾರ ಪ್ರೀತಿಯಿತ್ತು. ಆದುದರಿಂದ 2004ರಲ್ಲಿ ಅವರು ತೀರಿಕೊಂಡಾಗ, ಈ ಗೋರಿಯ ಹಿಡಿ ಮಣ್ಣನ್ನು ಇಂಗ್ಲೆಂಡಿಗೆ ಒಯ್ದು ಕೊರಿಯಟ್‌ನ ಊರಾದ ಆಡ್‌ಕಂಬ್‌ನಲ್ಲಿ ಹೂಳಲಾಯಿತು.

ದಹನಭೂಮಿಯ ಸ್ಮಾರಕಗಳನ್ನೂ ಮಕ್ಕಳಿಗೆ ತೋರಿಸಿ: 1920ರ ಆಗಸ್ಟ್‌ನಲ್ಲಿ ಲೋಕಮಾನ್ಯ ತಿಲಕರ ಅಂತ್ಯಕ್ರಿಯೆ ನಡೆದ ಗಿರ್‌ಗಾಂವ್ ಚೌಪಾಟಿಯಲ್ಲಿ ಅವರ ಪ್ರತಿಮೆಯಿದೆ, ಡಾ. ಅಂಬೇಡ್ಕರ್ ಅವರ ಚಿತೆ ಉರಿದ ದಾದರ್ ಕಡಲತೀರದಲ್ಲಿ ಚೈತ್ಯಭೂಮಿಯಿದ್ದು, ಪ್ರತಿ ಡಿಸೆಂಬರ್ 6ರಂದು ಅಲ್ಲಿ ಲಕ್ಷಾಂತರ ಜನ ಸೇರುತ್ತಾರೆ.