ಯುದ್ಧಕೈದಿಗಳ ಲೇಖನ ಈಗ ಹಾಕ್ಲಿಕ್ಕಾಗುದಿಲ್ಲ, ಯಾಕೆ ಅಂತ ಹೇಳ್ತೇನೆ

ನಮಸ್ತೆ. ಯುದ್ಧಕೈದಿಗಳಿಗೆ ಕೊಡುವ ಹಿಂಸೆ ಬಗ್ಗೆ ನೀವು ಕಾರ್ಕಳದಿಂದ ಕಳಿಸಿದ ಲೇಖನ ಪೂರ್ತಿ ಓದಿದೆ. ನೇರ ಹೇಳ್ತೇನೆ, ಬೇಜಾರು ಮಾಡ್ಬೇಡಿ, ಹೀಗೇ ಇದ್ರೆ ನಮ್ಮ ಮಾಸಿಕದಲ್ಲಿ ಹಾಕ್ಲಿಕ್ಕಾಗುದಿಲ್ಲ.

ಮೊದಲ ಎರಡು ಪುಟ ಇಡೀ ರಾಕ್ಷಸರು, ಪೈಶಾಚಿಕ, ರಕ್ತ ಕುದೀತದೆ ಇದೇ ಉಂಟು. ಕ್ಯಾಪ್ಟನ್ ಸೌರಭ್ ಕಾಲಿಯಾ ವಿಷಯ ಬರೆಯುವಾಗ ಆ ಶಬ್ದ ಎಲ್ಲ ಎಂತಕ್ಕೆ ಮಾರಾಯ್ರೆ? 1999ರ ಮೇಯಲ್ಲಿ ಅವರು, ಜೊತೆಗೆ ಐದು ಜನ ಜವಾನರು, ಕಾರ್ಗಿಲಿನ ಕಾಕ್ಸರ್ ಕಡೆ ಗಸ್ತಿಗೆ ಹೋಗಿ ಪಾಕಿಸ್ತಾನಿ ಸೈನಿಕರ ಕೈಗೆ ಸಿಕ್ಕಿಬಿದ್ರು, ಜೂನ್ 9ಕ್ಕೆ ದೇಹಗಳು ವಾಪಸ್ ಬಂದವು, ಚಿತ್ರಹಿಂಸೆ ಕೊಟ್ಟಿದ್ದಾರೆ ಅಂತ ಭಾರತ ಹೇಳಿತು, ಪಾಕಿಸ್ತಾನ ಒಪ್ಪಲಿಲ್ಲ. ಇಷ್ಟು ಬರೆದ್ರೆ ಓದುವವನಿಗೆ ಗಂಟಲು ಕಟ್ತದೆ.

ಕೊನೆಗೆ "ತಪ್ಪಿತಸ್ಥರಿಗೆ ಶಿಕ್ಷೆ ಆಗ್ಲೇಬೇಕು" ಅಂದಿದ್ದೀರಿ. ಯಾರು ಕೊಡುದು, ಯಾವ ಕೋರ್ಟಲ್ಲಿ? ಲೇಖನ ಶುರುವಾಗ್ಬೇಕಾದ್ದೇ ಅಲ್ಲಿ. ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಬೇಕು ಅಂತ ಹೇಳುವ 1949ರ ಮೂರನೇ ಜಿನೀವಾ ಒಪ್ಪಂದದ 129ನೇ ವಿಧಿ ನೋಡಿ, ಇಂಥ ಆರೋಪಿ ಯಾವ ದೇಶದವನಾದ್ರೂ ಒಪ್ಪಂದಕ್ಕೆ ಸೇರಿದ ಪ್ರತಿ ದೇಶ ಅವನನ್ನು ಹುಡುಕಿ ತನ್ನ ಕೋರ್ಟಿಗೆ ತರ್ಬೇಕು, ಇಲ್ಲಾ ಕೇಸ್ ನಡೆಸುವ ಬೇರೆ ದೇಶಕ್ಕೆ ಒಪ್ಪಿಸ್ಬೇಕು. ನಮ್ಮಲ್ಲೂ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಉಂಟು, ಆದ್ರೆ ಸರಕಾರದ ಕಡೆಯಿಂದ ದೂರು ಬಾರದೆ ಕೋರ್ಟು ಕೇಸ್ ಎತ್ತಿಕೊಳ್ಳುವ ಹಾಗಿಲ್ಲ. ವಿಷಯ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗ್ಲಿ ಅಂತ ಕಾಲಿಯಾ ತಂದೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗ್ಬೇಕಾಯ್ತು. ಮಗನನ್ನು ಕಳಕೊಂಡ ಅಪ್ಪ ಅಷ್ಟು ವರ್ಷ ಯಾಕೆ ಅಲೀಬೇಕಾಯ್ತು, ಅದನ್ನು ಬಿಡಿಸಿ ಬರೀರಿ.

ಲೇಖನದ ಜೊತೆ ಕಳಿಸಿದ ಫೋಟೋ ಹಾಕುದಿಲ್ಲ. ಉಕ್ರೇನ್ ಯುದ್ಧದ ಆ ಕೈದಿಯ ಕೈ ಹಿಂದಕ್ಕೆ ಕಟ್ಟಿದೆ, ಮುಖ ಸ್ಪಷ್ಟ ಕಾಣ್ತದೆ. ಕೈದಿಯನ್ನು ಅವಮಾನದಿಂದ, ಜನರ ಕುತೂಹಲದಿಂದಲೂ ಕಾಪಾಡ್ಬೇಕು ಅಂತ ಅದೇ ಒಪ್ಪಂದದ 13ನೇ ವಿಧಿಯಲ್ಲೇ ಉಂಟು. 2019ರಲ್ಲಿ ಪಾಕಿಸ್ತಾನದ ಕೈಗೆ ಸಿಕ್ಕಿದ ನಮ್ಮ ವಾಯುಪಡೆಯ ಪೈಲಟ್, ಗಾಯಗೊಂಡ ಅಭಿನಂದನ್ ವಿಡಿಯೋ ಬಂದಾಗ ಭಾರತ ಆಕ್ಷೇಪ ಎತ್ತಿದ್ದು ಜಿನೀವಾ ಒಪ್ಪಂದದ ಮೇಲೆಯೇ ಅಲ್ವಾ, ಮತ್ತೆ ನಾವೇ ಇನ್ನೊಬ್ಬನ ಮುಖ ಅಚ್ಚು ಹಾಕುದು ಹೇಗೆ?

ಇನ್ನು ಐದನೇ ಪುಟದ ಆ ಒಂದು ವಾಕ್ಯ. ನಿಮ್ಮ ದೊಡ್ಡಪ್ಪ 1972ರಲ್ಲಿ ಪಾಕಿಸ್ತಾನಿ ಕೈದಿಗಳ ಕ್ಯಾಂಪಲ್ಲಿ ಡ್ಯೂಟಿಯಲ್ಲಿದ್ರು, ಕೈದಿಗಳು ಮನೆಗೆ ಬರೆದ ಕಾರ್ಡುಗಳನ್ನು ಕಟ್ಟು ಕಟ್ಟಿ ಕಳಿಸ್ತಿದ್ರು ಅಂತ. ಇಂಥದ್ದನ್ನು ಮೂಲೆಗೆ ಹಾಕಿದ್ದೀರಲ್ಲ! ತಿಂಗಳಿಗೆ ಕಡಿಮೆ ಅಂದ್ರೂ ಎರಡು ಪತ್ರ, ನಾಲ್ಕು ಕಾರ್ಡು ಬರೀಲಿಕ್ಕೆ ಬಿಡ್ಬೇಕು ಅನ್ನುದು 71ನೇ ವಿಧಿ, 1971ರ ಯುದ್ಧ ಮುಗಿದು ಆಗ ಭಾರತದ ಕೈಯಲ್ಲಿದ್ದವರು ಸುಮಾರು 93,000 ಮಂದಿ, ಅದರಲ್ಲಿ ಸೈನಿಕರಲ್ಲದವರೂ ಇದ್ರು. ದೊಡ್ಡಪ್ಪನ ಹತ್ರ ಕೂತು ಕೇಳಿ, ಕಾರ್ಡು ಯಾರು ಓದಿ ಪಾಸ್ ಮಾಡ್ತಿದ್ರು, ಊಟಕ್ಕೆ ಎಂತ ಇತ್ತು, ಹುಷಾರಿಲ್ಲದವರನ್ನು ಯಾರು ನೋಡ್ತಿದ್ರು. ಕೈದಿಗೆ ನಮ್ಮವರು ಯಾರಾದ್ರೂ ಕೈ ಎತ್ತಿದ್ದು ಕಂಡಿದ್ದಾರಾ ಅಂತಲೂ ಕೇಳಿ, ಹೌದು ಅಂದ್ರೆ ಅದೂ ಲೇಖನದಲ್ಲಿ ಬರ್ಬೇಕು, ಆ ಒಂದು ಪ್ಯಾರಾ ಇಲ್ಲದಿದ್ರೆ ಉಳಿದದ್ದನ್ನು ಯಾರೂ ನಂಬುದಿಲ್ಲ.

ಹೆಸರು ಹಾಕ್ಲಿಕ್ಕೆ ಅವರ ಒಪ್ಪಿಗೆ ತಗೊಳ್ಳಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರ್ತೇನೆ. ಟೈಪಿಂಗ್ ಕಷ್ಟ ಆದ್ರೆ ಕೈಬರಹವೂ ಆದೀತು, ಶನಿವಾರ ನಾನು ಹಂಪನಕಟ್ಟೆ ಆಫೀಸಲ್ಲೇ ಇರ್ತೇನೆ.