ಮಾತು ಒರಟಾದರೆ ಮನುಷ್ಯ ಕೆಟ್ಟವನೇ?

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಟೆಕ್ ಲೀಡ್ ಕೆಲಸದಲ್ಲಿ ಭಾರಿ ಬುದ್ಧಿವಂತರು. ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವಾಗ, ಎಲ್ಲರ ಎದುರು ‘ಇದು ಕಸ’ ಅಂದುಬಿಡುತ್ತಾರೆ. ಹೊಸಬರೊಬ್ಬರು ಅತ್ತಿದ್ದನ್ನೂ ನೋಡಿದ್ದೇನೆ. ಅದೇ ಮನುಷ್ಯ ಸರ್ವರ್ ಬಿದ್ದಾಗ ರಾತ್ರಿಯಿಡೀ ನಮ್ಮ ಜೊತೆ ಕೂತರು. ಮೇಲಿನವರು ಕೇಳಿದಾಗ ತಪ್ಪು ನನ್ನದೇ ಅಂದರು. ನನ್ನ ಅಪ್ಪನಿಗೆ ಹುಷಾರಿಲ್ಲದಾಗ ನನ್ನ ಕೆಲಸವನ್ನೂ ಅವರೇ ಮಾಡಿದರು. ಇವರು ಒಳ್ಳೆಯವರಾ, ಕೆಟ್ಟವರಾ? ಸದ್ಯದಲ್ಲೇ ನನಗೂ ಒಂದು ತಂಡ ಕೊಡುತ್ತಾರಂತೆ. ಒರಟಾಗಿರದಿದ್ದರೆ ಕೆಲಸ ತೆಗೆಸೋಕೆ ಆಗಲ್ಲ ಅನ್ನುತ್ತಾರೆ. ಹೌದಾ?

ಉತ್ತರ: ನೀವು ಬರೆದಿದ್ದನ್ನು ಓದಿದರೆ ಅವರು ಒಳ್ಳೆಯ ಮನುಷ್ಯರೇ ಅನಿಸುತ್ತದೆ. ತಂಡದ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಳ್ಳುವವರು ಜಾಸ್ತಿ ಸಿಗುವುದಿಲ್ಲ. ಆದರೆ ಆ ಹೊಸಬರ ಕಣ್ಣೀರೂ ಅಷ್ಟೇ ನಿಜ. ಒಂದು ಕಡೆ ಮಾಡಿದ ಉಪಕಾರ ಇನ್ನೊಂದು ಕಡೆ ಕೊಟ್ಟ ನೋವಿಗೆ ವಜಾ ಆಗುವುದಿಲ್ಲ. ಉಪಕಾರ ಸಿಕ್ಕಿದ್ದು ನಿಮಗೆ, ಅತ್ತಿದ್ದು ಬೇರೆಯವರು, ಅಲ್ವಾ?

ಬೈದು ಹೇಳುವವರು ಬದುಕಲಿಕ್ಕೆ ಹೇಳ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳ್ತಾರೆ ಅನ್ನುವ ಗಾದೆ ನಿಮಗೂ ಗೊತ್ತಿರುತ್ತದೆ. ತಂತ್ರಜ್ಞಾನದ ಕೆಲಸದಲ್ಲಿ ಇದು ಅರ್ಧ ನಿಜ. ತಪ್ಪು ವಿನ್ಯಾಸವನ್ನು ಮುಖ ನೋಡಿ ‘ಚೆನ್ನಾಗಿದೆ’ ಅಂದರೆ ಅದು ಹಾಗೆಯೇ ಬಳಕೆದಾರರ ಕೈಗೆ ಹೋಗುತ್ತದೆ. ಅಲ್ಲಿ ಹಣ ಹೋಗಬಹುದು, ಗುಟ್ಟಿನ ಮಾಹಿತಿ ಸೋರಬಹುದು, ಆಸ್ಪತ್ರೆಯ ಯಂತ್ರವೇ ನಿಲ್ಲಬಹುದು. ‘ಇದು ನಡೆಯೋದಿಲ್ಲ’ ಅಂತ ನೇರವಾಗಿ ಹೇಳುವವರು ಬೇಕೇ ಬೇಕು. ಎಲ್ಲಕ್ಕೂ ತಲೆಯಾಡಿಸುವ ನಾಯಕರಿಂದ ಆಗುವ ಹಾನಿ ಕಡಿಮೆಯೇನಲ್ಲ.

ಗಾದೆಯ ಉಳಿದರ್ಧಕ್ಕೆ ಲಿನಸ್ ಟೋರ್ವಾಲ್ಡ್ಸ್ ಅವರನ್ನು ನೋಡಿ. 1991ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಶುರು ಮಾಡಿದವರು, 2005ರಲ್ಲಿ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದವರು. ಎರಡನ್ನೂ ಯಾರು ಬೇಕಾದರೂ ಬಳಸಲಿ ಅಂತ ಜಗತ್ತಿಗೆ ಕೊಟ್ಟರು. ಅವರ ಬೈಗುಳವೂ ಅಷ್ಟೇ ಹೆಸರುವಾಸಿ. 2012ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮಾಡಿದ ಬದಲಾವಣೆಯೊಂದರಿಂದ ಬಳಕೆದಾರರ ಪ್ರೋಗ್ರಾಂ ಕೆಟ್ಟಿತು. ಕರ್ನಲ್‌ನ ಒಂದು ಭಾಗ ನೋಡಿಕೊಳ್ಳುವ ಹಿರಿಯ ಮೇಂಟೇನರ್ ಒಬ್ಬರು ತಪ್ಪು ಪ್ರೋಗ್ರಾಂನದು ಅಂದರು. ಬಾಯಿ ಮುಚ್ಚು ಅಂತಲೇ ಲಿನಸ್ ಉತ್ತರ ಶುರುವಾಯಿತು, ಅದೂ ಇಡೀ ಜಗತ್ತು ಓದುವ ಹಾಗೆ. ನಮ್ಮ ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಂ ಕೆಡಕೂಡದು ಅನ್ನುವುದು ಅವರ ವಾದ.

ಆ ನಿಯಮದ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಣದ ಲಕ್ಷಾಂತರ ಬಳಕೆದಾರರ ಮೇಲಿನ ಕಾಳಜಿ ಅದು. ಆದರೆ ಆ ಕಾಳಜಿಗೆ ಬೈಗುಳ ಬೇಕಿರಲಿಲ್ಲ. 2013ರಲ್ಲೇ ಕರ್ನಲ್ ಡೆವಲಪರ್ ಒಬ್ಬರು ಈ ಭಾಷೆ ನಿಲ್ಲಿಸಿ ಅಂತ ಬಹಿರಂಗವಾಗಿ ಕೇಳಿದರು. 2015ರಲ್ಲಿ ಅವರು ಕರ್ನಲ್ ಕೆಲಸವನ್ನೇ ಬಿಟ್ಟಿದ್ದಾಗಿ ತಿಳಿಸಿದರು. 2018ರ ಸೆಪ್ಟೆಂಬರ್‌ನಲ್ಲಿ ಲಿನಸ್ ಕ್ಷಮೆ ಕೇಳಿದರು. ತನ್ನ ನಡವಳಿಕೆಯಿಂದ ನೊಂದವರ, ಬಹುಶಃ ಕೆಲಸವನ್ನೇ ಬಿಟ್ಟುಹೋದವರ ಕ್ಷಮೆ. ಬೇರೆಯವರ ಭಾವನೆ ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯುತ್ತೇನೆ ಅಂತ ಹೇಳಿ ಸ್ವಲ್ಪ ದಿನ ದೂರ ಉಳಿದು, ಅಕ್ಟೋಬರ್‌ನಲ್ಲಿ ವಾಪಸ್ ಬಂದರು.

ಆಮೇಲೂ ಅವರ ಮಾತಿನ ಖಾರ ಪೂರ್ತಿ ಹೋಗಲಿಲ್ಲ. ಆದರೆ ಕ್ಷಮೆ ಕೇಳಿದ್ದರಿಂದ ನಿಯಮವೇನೂ ಸಡಿಲವಾಗಲಿಲ್ಲ, ಹೊಸ ಕರ್ನಲ್ 9–10 ವಾರಕ್ಕೊಮ್ಮೆ ಬರುತ್ತಲೇ ಇದೆ. ಅಂಥ ಎತ್ತರದಲ್ಲಿದ್ದವರು ಎಲ್ಲರ ಎದುರು ತಪ್ಪು ಒಪ್ಪಿಕೊಂಡಿದ್ದು ದೊಡ್ಡ ವಿಷಯ. ಅವರ ಒಳ್ಳೆಯತನ ನನಗೆ ಕಾಣುವುದು ಅಲ್ಲಿ. ಜೊತೆಗೆ, ಮೊದಲ ಮನವಿಗೂ ಈ ಕ್ಷಮೆಗೂ ನಡುವೆ ಐದು ವರ್ಷ ಹೋಯಿತು ಅನ್ನುವುದನ್ನೂ ಮರೆಯೋಕೆ ಆಗುವುದಿಲ್ಲ. ಆ ಐದು ವರ್ಷದಲ್ಲಿ ಸುಮ್ನೆ ಎದ್ದು ಹೋದವರ ಹೆಸರು ಎಲ್ಲೂ ದಾಖಲಾಗಿಲ್ಲ.

ಬಿಟ್ಟುಹೋಗದೆ ಉಳಿದವರಿಗೂ ಏನೋ ಆಗುತ್ತದೆ. ಅವರು ಮಾತು ನಿಲ್ಲಿಸುತ್ತಾರೆ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗಿನ ತಪ್ಪು ಕಡಿಮೆ ಇರಬಹುದು ಅನ್ನುವುದು ಅವರ ಊಹೆ. ಲೆಕ್ಕದಲ್ಲಿ ಸಿಕ್ಕಿದ್ದು ಜಾಸ್ತಿ! ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯ ಇರಲಿಲ್ಲ, ಅದಕ್ಕೇ ತಪ್ಪುಗಳು ಹೊರಗೆ ಬಂದಿದ್ದವು. ನಿಮ್ಮ ಲೀಡ್ ಎದುರು ‘ನಿನ್ನೆ ನಾನೇ ಆ ಡೇಟಾ ಟೇಬಲ್ ಅಳಿಸಿದ್ದು’ ಅಂತ ಹೊಸಬರು ಹೇಳುತ್ತಾರಾ, ಅಥವಾ ಸಿಕ್ಕಿಬೀಳುವವರೆಗೂ ಮುಚ್ಚಿಡುತ್ತಾರಾ? ನಿಮ್ಮ ತಂಡ ಹೇಗಿದೆ ಅಂತ ತಿಳಿಯಲು ಇದು ಒಳ್ಳೆಯ ಪರೀಕ್ಷೆ.

ಮನುಷ್ಯರನ್ನು ಅಳೆಯಲು ನಾನು ನೋಡುವುದು ಬೇರೆ. ಅವರ ಒರಟುತನ ಎರಡೂ ಕಡೆ ನಡೆಯುತ್ತದಾ? ನೀವು ಅವರ ಕೋಡ್‌ನಲ್ಲಿ ತಪ್ಪು ತೋರಿಸಿದಾಗ ‘ಹೌದಲ್ಲ’ ಅಂತ ಒಪ್ಪುತ್ತಾರಾ? ಮೇಲಿನವರ ಹತ್ತಿರವೂ ಅಷ್ಟೇ ನೇರವಾಗಿ ಮಾತಾಡುತ್ತಾರಾ? ಮೇಲಿನವರ ಮುಂದೆ ಬೆಣ್ಣೆ, ಕೆಳಗಿನವರ ಮುಂದೆ ಬೆಂಕಿ ಆಗಿದ್ದರೆ ಅದನ್ನು ನೇರ ನುಡಿ ಅಂತ ನಾನು ಒಪ್ಪುವುದಿಲ್ಲ. ನಿಮ್ಮ ಲೀಡ್ ಮೇಲಿನವರ ಮುಂದೆ ನಿಮ್ಮನ್ನು ಕಾಪಾಡಿದವರು. ಅದಕ್ಕೇ ಅವರಿಗೆ ಹೇಳಿದರೆ ಕೇಳಿಸಿಕೊಳ್ಳುತ್ತಾರೆ ಅಂತ ನನ್ನ ನಂಬಿಕೆ. ನೀವೇ ಹೇಳಿ. ಒಬ್ಬರೇ ಇದ್ದಾಗ, ಒಂದೇ ಘಟನೆ ಇಟ್ಟುಕೊಂಡು ಹೇಳಿ: ‘ಆವತ್ತು ನೀವು ಹೇಳಿದ ತಾಂತ್ರಿಕ ವಿಷಯ ಸರಿ ಇತ್ತು. ಆದರೆ ಕಸ ಅಂದಮೇಲೆ ಆ ಹೊಸಬರು ರಿವ್ಯೂನಲ್ಲಿ ಬಾಯಿ ಬಿಡುತ್ತಿಲ್ಲ.’ ಅವರ ಸ್ವಭಾವದ ಬಗ್ಗೆ ಭಾಷಣ ಬೇಡ.

ನೀವೂ ಹಾಗಾಗಬೇಕಾ? ಖಂಡಿತ ಬೇಡ. ಅವರಿಂದ ನೇರವಾಗಿರುವುದನ್ನು ಮಾತ್ರ ಕಲಿಯಿರಿ. ‘ಇದು ಕಸ’ ಅಂದರೆ ಎದುರಿನವರಿಗೆ ಏನು ತಿದ್ದಬೇಕು ಅಂತಲೇ ಗೊತ್ತಾಗುವುದಿಲ್ಲ. ‘ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಇಲ್ಲಿ ಡೇಟಾ ಹಾಳಾಗುತ್ತದೆ, ಇದನ್ನು ಸರಿ ಮಾಡುವವರೆಗೆ ಮುಖ್ಯ ಕೋಡ್‌ಗೆ ಮರ್ಜ್ ಮಾಡುವುದಿಲ್ಲ’ ಅನ್ನಿ. ಇದರಲ್ಲಿ ಮೆತ್ತಗಿನದು ಏನೂ ಇಲ್ಲ, ಮನುಷ್ಯನ ಮೇಲೆ ಒಂದು ಮಾತೂ ಇಲ್ಲ. ಇನ್ನೊಂದು ನೆನಪಿಡಿ. ಬಡ್ತಿ, ಸಂಬಳ ನಿಮ್ಮ ಕೈಯಲ್ಲಿ ಇದ್ದಾಗ ನಿಮ್ಮ ಮಾಮೂಲಿ ಮಾತೂ ಎದುರಿನವರಿಗೆ ಜೋರಾಗಿ ಕೇಳುತ್ತದೆ. ಮೊದಲ ವಾರವೇ ನಿಮ್ಮದೇ ಒಂದು ವಿನ್ಯಾಸ ತಂಡದ ಮುಂದಿಡಿ, ಎಲ್ಲರಿಗಿಂತ ಹೊಸಬರನ್ನು ಮೊದಲು ಮಾತಾಡಲು ಬಿಡಿ. ಅವರು ಹೇಳಿದ್ದು ಸರಿ ಇದ್ದರೆ ಅಲ್ಲೇ, ಎಲ್ಲರ ಎದುರೇ ತಿದ್ದಿಕೊಳ್ಳಿ.